ಪದಪಟ್ಟಿಯೇ ಪದಸಂಪತ್ತಲ್ಲ

ಇಂಗ್ಲಿಷ್ ಭಾಷೆಯಲ್ಲಿ ಪದಸಂಪತ್ತನ್ನು ಬೆಳೆಸಿಕೊಳ್ಳಲು ಇರುವ ಸುಲಭವೂ ಖಚಿತವೂ ಆದ ಮಾರ್ಗವೆಂದರೆ, ದಿನಕ್ಕೆ ಹತ್ತು ಹೊಸ ಪದಗಳನ್ನು ಬರೆದುಕೊಂಡು, ಒಂದೊಂದರ ಎದುರಿಗೂ ಒಂದು ಸರಳವಾದ ಅರ್ಥವನ್ನೂ ಎರಡು ಮೂರು ಸಮಾನಾರ್ಥಕ ಪದಗಳನ್ನೂ ನಮೂದಿಸಿ, ಅದನ್ನು ಬಾಯಿಪಾಠ ಮಾಡಿ ಮರುದಿನ ಒಪ್ಪಿಸುವುದು ಎಂಬ ಅಭಿಪ್ರಾಯವು ನಮ್ಮ ನಾಡಿನಲ್ಲಿ ಈಗ ಎಷ್ಟು ಭದ್ರವಾಗಿ ನೆಲೆಗೊಂಡಿದೆಯೆಂದರೆ, ಅದನ್ನು ಶಂಕಿಸುವವನು ಇಂಗ್ಲಿಷಿನ ವೈರಿಯೆಂದೋ, ಹಳ್ಳಿಯ ಮಕ್ಕಳ ಏಳಿಗೆಯನ್ನು ಸಹಿಸದವನೆಂದೋ ಎಣಿಸಲ್ಪಡುವ ಸಂಭವವುಂಟು. ಉಪಾಧ್ಯಾಯರಲ್ಲಿ ಬಹುಮಂದಿ ಹಾಗೆ ನಂಬಿದ್ದಾರೆ. ಮಕ್ಕಳ ಬಾಯಿಂದ ಹೊಸ ಪದಗಳು ಸರಸರನೆ ಬರುವುದನ್ನು ಕೇಳಿ ತಂದೆತಾಯಿಗಳು ಸಂತೋಷಪಡುತ್ತಾರೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ದೊರೆಯುವ ಕಿರುಹೊತ್ತಗೆಗಳೂ ಸ್ಪೋಕನ್ ಇಂಗ್ಲಿಷ್ ತರಗತಿಗಳ ಪಾಠಕ್ರಮಗಳೂ ಈ ನಂಬಿಕೆಯನ್ನೇ ಆಧರಿಸಿ ನಿಂತಿವೆ. ದಿನಕ್ಕೆ ಹತ್ತಾದರೆ ವರ್ಷಕ್ಕೆ 3,650, ಮೂರು ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಗಿಲು ಎಂಬ ಗಣಿತವು ಕೇಳುವವರಿಗೆ ನಿರಾಕರಿಸಲಾಗದಂತೆ ತೋರುತ್ತದೆ. ಈ ಗಣಿತವು ಮೂಲದಲ್ಲಿಯೇ ದೋಷಪೂರಿತವಾದುದು. ಒಂದು ಅರ್ಥಕ್ಕೆ ಎಷ್ಟು ಪದಗಳು ಗೊತ್ತು ಎಂಬುದು ಭಾಷಾಸಂಪತ್ತಿನ ಅಳತೆಯಲ್ಲ, ಒಂದು ಪದವನ್ನು ಹಿಡಿದು ಎಷ್ಟು ಸಂಗತಿಗಳನ್ನು ಯಥೋಚಿತವಾಗಿ ಹೇಳಬಲ್ಲೆವು ಎಂಬುದೇ ಅದರ ಅಳತೆ. ಈ ಭೇದವನ್ನು ಮರೆತುದರ ಫಲವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸುತ್ತಿರುವವರು ಇಂಗ್ಲಿಷಿಗಾಗಿ ಶಾಲೆಯ ಒಂದು ಗಂಟೆಯನ್ನಲ್ಲದೆ ಬೇರೆ ಯಾವ ಆಸರೆಯೂ ಇಲ್ಲದ ಗ್ರಾಮಾಂತರದ ಮಕ್ಕಳು ಎಂಬುದು ನನ್ನ ವಾದ.

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯ, ಪ್ರೌಢಶಾಲೆಯಲ್ಲಿ ಓದುತ್ತಿದ್ದ ಒಬ್ಬ ಬಾಲಕಿಯ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಮೇಲೆ ಕೆಂಪು ಶಾಯಿಯಲ್ಲಿ ಶೀರ್ಷಿಕೆ. ಎಡಗಡೆ ಹ್ಯೂಜ್, ಎನಾರ್ಮಸ್, ವಾಸ್ಟ್, ಇಮೆನ್ಸ್ ಎಂಬ ನಾಲ್ಕು ಪದಗಳು, ಬಲಗಡೆ ನಾಲ್ಕರ ಎದುರಿಗೂ ಬಿಗ್ ಎಂಬ ಒಂದೇ ಪದ. ಅಕ್ಷರಗಳು ಮುತ್ತು ಪೋಣಿಸಿದಂತೆ ದುಂಡಗಿದ್ದವು, ಒಂದಾದರೂ ಕಾಗುಣಿತದ ತಪ್ಪಿರಲಿಲ್ಲ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ ತನ್ನ ಮನೆಯವರನ್ನು ಕುರಿತು ಬರೆದ ಹತ್ತು ಸಾಲಿನ ಪ್ರಬಂಧದಲ್ಲಿ ಆಕೆ ತನ್ನ ದೊಡ್ಡಣ್ಣನನ್ನು ‘ಮೈ ಎನಾರ್ಮಸ್ ಬ್ರದರ್’ ಎಂದು ಕರೆದಿದ್ದಳು. ಇದು ನಗತಕ್ಕ ವಿಷಯವಲ್ಲ. ಆ ಹುಡುಗಿ ಸೋಮಾರಿತನದಿಂದ ತಪ್ಪಿದವಳಲ್ಲ, ಕಲಿಸಿದ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿ ತಪ್ಪಿದವಳು. ಬಿಗ್ ಎಂಬುದಕ್ಕೆ ಎನಾರ್ಮಸ್ ಸಮಾನವೆಂದು ಹೇಳಿಕೊಟ್ಟಿದ್ದರು. ಬಡ ಪದಕ್ಕೆ ಬದಲಾಗಿ ಶ್ರೀಮಂತ ಪದವನ್ನು ಬಳಸಿದರೆ ಹೆಚ್ಚು ಅಂಕ ಬರುವುದೆಂದೂ ಹೇಳಿಕೊಟ್ಟಿದ್ದರು. ಆಕೆ ಎರಡನ್ನೂ ನಂಬಿ ಬರೆದಳು. ಪಾಠವನ್ನು ಚೆನ್ನಾಗಿ ಕಲಿತಷ್ಟೂ ಭಾಷೆ ಕೆಡುವುದಾದರೆ ದೋಷವು ಕಲಿತವರಲ್ಲಿರುವುದಿಲ್ಲ.

ಸಮಾನಾರ್ಥಕಗಳೆಂಬ ಹೆಸರೇ ಸಡಿಲವಾದ ಹೆಸರು. ನೀರು, ಜಲ, ಉದಕ, ಸಲಿಲ, ತೋಯ, ವಾರಿ ಇವೆಲ್ಲ ಒಂದೇ ವಸ್ತುವಿನ ನಾಮಗಳೆಂದು ಕೋಶವು ಹೇಳುತ್ತದೆ. ಆದರೂ ಕನ್ನಡವನ್ನು ಮನೆಮಾತಾಗಿ ಉಳ್ಳ ಯಾರೂ ಬಾಯಾರಿದವನಿಗೆ ಸಲಿಲವನ್ನು ಕೊಡುವುದಿಲ್ಲ, ಎಳನೀರನ್ನು ಎಳಜಲವೆನ್ನುವುದಿಲ್ಲ. ಮುದ್ದೆಯನ್ನು ಉಣ್ಣುತ್ತೇವೆ, ಮಾವಿನ ಹಣ್ಣನ್ನು ತಿನ್ನುತ್ತೇವೆ, ಔಷಧವನ್ನು ಸೇವಿಸುತ್ತೇವೆ. ಹೀಗೆ ಬೇರೆ ಬೇರೆಯಾಗಿ ಬಳಸಬೇಕೆಂದು ಯಾರೂ ನಮಗೆ ಪಟ್ಟಿ ಕೊಟ್ಟು ಕಲಿಸಿದ್ದಲ್ಲ. ಇಂಗ್ಲಿಷಿನಲ್ಲಿಯೂ ಹೀಗೆಯೇ. ಓಲ್ಡ್ ಎಂಬುದಕ್ಕೆ ಏಜ್ಡ್ ಸಮಾನವೆಂದು ಪಟ್ಟಿ ಹೇಳಬಹುದು. ಆದರೆ ಓಲ್ಡ್ ಫ್ರೆಂಡ್ ಎಂದರೆ ಬಹುಕಾಲದ ಸ್ನೇಹಿತ, ಏಜ್ಡ್ ಫ್ರೆಂಡ್ ಎಂದರೆ ಮುಪ್ಪಿನ ಸ್ನೇಹಿತ. ಸ್ಲಿಮ್ ಎಂದರೂ ಸ್ಕಿನ್ನಿ ಎಂದರೂ ತೆಳ್ಳಗಿರುವವರೇ. ಮೊದಲನೆಯದು ಪ್ರಶಂಸೆ, ಎರಡನೆಯದು ಬಹುಮಟ್ಟಿಗೆ ನಿಂದೆ. ಹೆವಿ ಎಂಬುದು ರೇನ್ ಎಂಬ ಪದದ ಪಕ್ಕದಲ್ಲಿ ಬಂದು ಕುಳಿತರೆ ಜೋರು ಮಳೆಯಾಗುತ್ತದೆ. ಅದೇ ಅರ್ಥದ ವೇಟಿ ಎಂಬುದಕ್ಕೆ ಅಲ್ಲಿ ಸ್ಥಳವೇ ಇಲ್ಲ. ಪದದ ಅರ್ಥವೆಂಬುದರಲ್ಲಿ ಅದು ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ, ಯಾವ ಪದಗಳ ಸಹವಾಸದಲ್ಲಿ, ಯಾವ ಭಾವದಿಂದ ಬರುತ್ತದೆಯೆಂಬುದೆಲ್ಲ ಸೇರಿರುತ್ತದೆ. ಒಂದು ಪದದ ಎದುರಿಗೆ ಇನ್ನೊಂದು ಪದವನ್ನಿಟ್ಟು ಮುಗಿಸುವ ವಿಧಾನವು ಇಷ್ಟನ್ನೂ ಒರಸಿಹಾಕುತ್ತದೆ.

ಇಲ್ಲಿ ಪ್ರತಿವಾದಿಗಳು ಒಂದು ಪ್ರಬಲವಾದ ಪ್ರಮಾಣವನ್ನು ಮುಂದಿಡುವುದುಂಟು. ನಮ್ಮ ಹಿರಿಯರು ಎಳೆಯ ವಯಸ್ಸಿನಲ್ಲಿಯೇ ಅಮರಕೋಶವನ್ನು ಕಂಠಸ್ಥ ಮಾಡುತ್ತಿರಲಿಲ್ಲವೆ, ಅದರಿಂದಲೇ ಅಲ್ಲವೆ ಅಂಥ ಪಂಡಿತರು ಈ ನಾಡಿನಲ್ಲಿ ಹುಟ್ಟಿದುದು, ಸಂಸ್ಕೃತಕ್ಕೆ ಸಂದ ಕ್ರಮವು ಇಂಗ್ಲಿಷಿಗೇಕೆ ಸಲ್ಲಬಾರದು ಎಂದು ಅವರು ಕೇಳುತ್ತಾರೆ. ಪ್ರಶ್ನೆ ಗೌರವಿಸತಕ್ಕದ್ದು; ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆ ಗ್ರಂಥಕ್ಕೆ ಅಮರಸಿಂಹನು ಇಟ್ಟ ಹೆಸರು ನಾಮಲಿಂಗಾನುಶಾಸನ. ಎಂದರೆ ಪದಗಳನ್ನು ಮಾತ್ರವಲ್ಲದೆ ಒಂದೊಂದು ಪದದ ಲಿಂಗವನ್ನೂ, ಆದುದರಿಂದ ಅದು ವಾಕ್ಯದಲ್ಲಿ ನಡೆದುಕೊಳ್ಳತಕ್ಕ ರೀತಿಯನ್ನೂ ಕಲಿಸುವುದು ಅದರ ಸಂಕಲ್ಪ. ಸುಮಾರು 1,500 ಶ್ಲೋಕಗಳ ಆ ಗ್ರಂಥವು ಮೂರು ಕಾಂಡಗಳಾಗಿ, ಕಾಂಡಗಳು ವರ್ಗಗಳಾಗಿ ವಿಂಗಡವಾಗಿವೆ. ಸ್ವರ್ಗ, ವ್ಯೋಮ, ದಿಕ್ಕು, ಕಾಲ, ಭೂಮಿ, ಪುರ, ಶೈಲ, ವನೌಷಧಿ ಎಂದು ಲೋಕವನ್ನೇ ಕ್ರಮವಾಗಿ ಸುತ್ತಿ ತೋರಿಸುವ ಆ ಯೋಜನೆಯಲ್ಲಿ ಪ್ರತಿಯೊಂದು ಪದವೂ ತನ್ನ ನೆರೆಹೊರೆಯೊಡನೆ ಮನಸ್ಸಿಗೆ ಬರುತ್ತದೆ. ಕಡೆಯ ಕಾಂಡದಲ್ಲಿ ನಾನಾರ್ಥವರ್ಗವೆಂಬ ಭಾಗವೇ ಬೇರೆ ಇದೆ. ಒಂದೇ ಪದಕ್ಕಿರುವ ಹಲವು ಅರ್ಥಗಳನ್ನು ಹೇಳುವುದು ಅದರ ಕೆಲಸ. ಸಮಾನಾರ್ಥಕಗಳನ್ನು ಕಲಿತವನು ನಾನಾರ್ಥಗಳನ್ನೂ ಕಲಿಯದಿದ್ದರೆ ವಿದ್ಯೆ ಅರ್ಧವಾಗುವುದೆಂದು ಅಮರಸಿಂಹನು ಬಲ್ಲವನಾಗಿದ್ದನು. ಇಂದಿನ ಪಟ್ಟಿಗಳಲ್ಲಿ ಆ ಎರಡನೆಯ ಅರ್ಧವೇ ಕಾಣದು.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಅಮರವು ಎಂದೂ ಒಂಟಿಯಾಗಿ ಕಲಿತ ವಿದ್ಯೆಯಲ್ಲ. ಅದರ ಜೊತೆಗೆ ಶಬ್ದರೂಪಗಳು ನಡೆಯುತ್ತಿದ್ದುವು, ಅದರ ಬೆನ್ನಿಗೇ ರಘುವಂಶದಂತಹ ಕಾವ್ಯದ ಪಾಠವಾಗುತ್ತಿತ್ತು. ನಿನ್ನೆ ಕೋಶದಲ್ಲಿ ಕಲಿತ ಪದವನ್ನು ವಿದ್ಯಾರ್ಥಿಯು ಇಂದು ಕಾಳಿದಾಸನ ಶ್ಲೋಕದಲ್ಲಿ, ಅಲ್ಲಿಯ ಛಂದಸ್ಸಿನಲ್ಲಿ, ಅಲ್ಲಿಯ ರಸದಲ್ಲಿ ಮತ್ತೆ ಕಾಣುತ್ತಿದ್ದನು. ಒಂದೇ ವಸ್ತುವಿಗೆ ಹತ್ತು ಹೆಸರು ಬೇಕಾಗಿದ್ದುದು ಕೂಡ ಆ ಕಾರಣಕ್ಕೆ. ಗುರುಲಘುಗಳ ನಿಯಮಕ್ಕೆ ಒಳಪಟ್ಟು ಬರೆಯುವ ಕವಿಗೆ ಎರಡು ಮಾತ್ರೆಯ ಹೆಸರೊಂದು, ನಾಲ್ಕು ಮಾತ್ರೆಯ ಹೆಸರೊಂದು ಕೈಗೆಟುಕುವಂತಿರಬೇಕಾಗಿತ್ತು. ಕನ್ನಡದಲ್ಲಿ 12ನೆಯ ಶತಮಾನದ ನಾಗವರ್ಮನು ಅಭಿಧಾನ ವಸ್ತುಕೋಶವನ್ನು ರಚಿಸಿದಾಗಲೂ ಅದು ಕಾವ್ಯವನ್ನು ಓದುವವರಿಗೂ ಬರೆಯುವವರಿಗೂ ಸಹಾಯವಾಗತಕ್ಕ ಕೃತಿಯಾಗಿತ್ತು. ಅದೇ ನಾಗವರ್ಮನು ಕಾವ್ಯಾವಲೋಕನವನ್ನೂ ಕರ್ಣಾಟಕ ಭಾಷಾಭೂಷಣವನ್ನೂ ಬರೆದನೆಂಬುದನ್ನು ನೆನೆದರೆ, ಕೋಶ, ವ್ಯಾಕರಣ, ಕಾವ್ಯಮೀಮಾಂಸೆಗಳು ಆ ಕಾಲದವರ ಬುದ್ಧಿಯಲ್ಲಿ ಹೇಗೆ ಒಂದಾಗಿದ್ದುವೆಂಬುದು ತಿಳಿಯುತ್ತದೆ. ಕಾವ್ಯವನ್ನು ಕಿತ್ತುಹಾಕಿ, ವ್ಯಾಕರಣವನ್ನು ಬದಿಗೊತ್ತಿ, ಬರಿಯ ಕೋಶವನ್ನು, ಅದರಲ್ಲಿಯೂ ಕೋಶದ ಕಾಲುಭಾಗವನ್ನು ಮಾತ್ರ ಮಕ್ಕಳ ಮುಂದಿಟ್ಟು, ಇದು ನಮ್ಮ ಹಿರಿಯರ ಕ್ರಮವೆನ್ನುವುದು ಹಿರಿಯರಿಗೆ ಮಾಡುವ ಅನ್ಯಾಯ.

ಪಶ್ಚಿಮದವರ ಪ್ರಮಾಣವೂ ಇವರ ಪಕ್ಷಕ್ಕೆ ಒದಗುವುದಿಲ್ಲ. ಸಮಾನಾರ್ಥಕಗಳ ಮಹಾಕೋಶವೆಂದು ಹೆಸರಾದ ಥೆಸಾರಸನ್ನು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯನು 1852ರಲ್ಲಿ ಪ್ರಕಟಿಸಿದನು. ಅದು ಪದಗಳನ್ನು ಅಕಾರಾದಿಯಾಗಿ ಅಲ್ಲದೆ ಭಾವಗಳ ವರ್ಗೀಕರಣವನ್ನು ಅನುಸರಿಸಿ ಜೋಡಿಸಿದ ಗ್ರಂಥ. ಹೇಳಬೇಕಾದ ಭಾವವು ಮನಸ್ಸಿನಲ್ಲಿದ್ದು ತಕ್ಕ ಪದ ನಾಲಗೆಗೆ ಬಾರದಿರುವಾಗ ಲೇಖಕನು ತಾನು ಮೊದಲೇ ಬಲ್ಲ ಪದಗಳ ಗುಂಪಿನಿಂದ ಒಂದನ್ನು ಆರಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಅದರಲ್ಲಿ ಅರ್ಥಗಳನ್ನು ಕೊಟ್ಟಿಲ್ಲ, ಏಕೆಂದರೆ ಓದುಗನು ಅರ್ಥಗಳನ್ನು ಬಲ್ಲನೆಂದೇ ಅದರ ಭಾವನೆ. ಆರಿಸುವ ಶಕ್ತಿ ಬಂದವರಿಗಾಗಿ ಸಿದ್ಧವಾದ ಸಾಮಗ್ರಿಯನ್ನು ಇನ್ನೂ ಒಂದು ಪದವನ್ನೂ ಸರಿಯಾಗಿ ಬಳಸಲರಿಯದ ಮಕ್ಕಳಿಗೆ ಉಣಿಸಿದರೆ ಅಜೀರ್ಣವಲ್ಲದೆ ಮತ್ತೇನಾದೀತು?

ಇನ್ನು ಸರಳವಾದ ಅರ್ಥವಿವರಣೆಯ ವಿಷಯ. ಇದರ ಚರಿತ್ರೆಯ ಒಂದು ಮುಖ್ಯ ಅಧ್ಯಾಯವು ನಡೆದುದು ಅಂದಿನ ಅವಿಭಜಿತ ಭಾರತದಲ್ಲಿಯೇ ಎಂಬುದನ್ನು ಬಹುಮಂದಿ ಅರಿಯರು. ಢಾಕಾದಲ್ಲಿ ಶಿಕ್ಷಣ ಇಲಾಖೆಯ ಸೇವೆಯಲ್ಲಿದ್ದ ಮೈಕೇಲ್ ವೆಸ್ಟ್ ಎಂಬವರು ಬಂಗಾಳದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ಪರಿಶೀಲಿಸಿ 1926ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಶಾಲೆಯನ್ನು ನಡುವೆ ಬಿಟ್ಟುಹೋಗುವವರೇ ಬಹುಸಂಖ್ಯಾತರಾಗಿರುವ ದೇಶದಲ್ಲಿ, ಬಿಟ್ಟುಹೋಗುವ ಘಳಿಗೆಯಲ್ಲಿ ಮಗುವಿನ ಕೈಯಲ್ಲಿ ಉಪಯೋಗಕ್ಕೆ ಬರತಕ್ಕದ್ದು ಏನು ಉಳಿದಿರುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು; ಓದುವ ಶಕ್ತಿಯಾದರೂ ಉಳಿಯಬೇಕೆಂಬುದು ಅವರು ಕಂಡುಕೊಂಡ ಉತ್ತರ. ಆ ಉತ್ತರಕ್ಕನುಸಾರವಾಗಿ ಅವರು ಕಥೆಗಳನ್ನು ಮಿತವಾದ ಪದಗಳಲ್ಲಿ ಬರೆಯಿಸಿದರು. ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳದಂತೆ, ಬಂದ ಪದವು ಮತ್ತೆ ಮತ್ತೆ ಮರಳುವಂತೆ ಏರ್ಪಡಿಸಿದರು. 1935ರಲ್ಲಿ ಹೊರಬಂದ ಅವರ ನಿಘಂಟು ಸುಮಾರು 24,000 ಪದಗಳನ್ನೂ ಪದಪುಂಜಗಳನ್ನೂ ಕೇವಲ 1,490 ಪದಗಳ ನೆರವಿನಿಂದ ವಿವರಿಸಿತು. 1953ರಲ್ಲಿ ಅವರು ಸಂಪಾದಿಸಿದ ಸುಮಾರು 2,000 ಪದಗಳ ಪಟ್ಟಿಯಂತೂ ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಆ ಪಟ್ಟಿ ಯಾರಿಗಾಗಿ? ಮಕ್ಕಳು ಉರುಹೊಡೆಯಲೆಂದು ಅಲ್ಲ. ಪಾಠಪುಸ್ತಕಗಳನ್ನು ಬರೆಯುವವರು ತಮ್ಮ ಲೇಖನಿಯನ್ನು ಹತೋಟಿಯಲ್ಲಿಟ್ಟುಕೊಳ್ಳಲಿ ಎಂದು. ಮಗುವಿನ ಹೊರೆಯನ್ನು ಇಳಿಸಲೆಂದು ಬರಹಗಾರನ ಮೇಲೆ ಹೇರಿದ ಕಟ್ಟುಪಾಡು ಅದು. ಆ ಹೊರೆಯನ್ನು ನಾವು ಬರಹಗಾರನ ಹೆಗಲಿನಿಂದ ತೆಗೆದು ಮಗುವಿನ ತಲೆಯ ಮೇಲಿಟ್ಟಿದ್ದೇವೆ.

ವೆಸ್ಟರ ತರುವಾಯ ಬಂದ ಹಾರ್ನ್‌ಬಿಯವರ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ 1948ರಲ್ಲಿ ಆಕ್ಸ್‌ಫರ್ಡಿನಿಂದ ಮತ್ತೆ ಹೊರಟಿತು. ಒಂದೊಂದು ಕ್ರಿಯಾಪದವೂ ಯಾವ ಯಾವ ವಾಕ್ಯರಚನೆಯಲ್ಲಿ ನಿಲ್ಲಬಲ್ಲುದೆಂಬುದನ್ನು ತೋರಿಸಿದುದು ಅದರ ಹೆಗ್ಗಳಿಕೆ. 1987ರ ಕೋಬಿಲ್ಡ್ ನಿಘಂಟಿನಲ್ಲಿ ಅರ್ಥವಿವರಣೆಯನ್ನೇ ಪೂರ್ಣವಾಕ್ಯವಾಗಿ ಬರೆದರು. ನಮ್ಮಲ್ಲಿಯೇ ನೋಡಿ: ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಕಾವ್ಯಗಳಿಂದಲೂ ಗಾದೆಗಳಿಂದಲೂ ಪ್ರಯೋಗಗಳನ್ನು ತಂದಿರಿಸಿದೆ; ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು, ಅರ್ಥದ ಕೆಳಗೆ ಶಾಸನದ ಅಥವಾ ಗ್ರಂಥದ ಸಾಲನ್ನು ಆಧಾರವಾಗಿ ಕೊಡುತ್ತ ಸಾಗುತ್ತದೆ. ನಿಘಂಟುಕಾರರು ದಶಕಗಳ ಕಾಲ ಶ್ರಮಿಸಿ ಒಂದೆಡೆ ಕೂಡಿಸಿದ ಪ್ರಯೋಗಗಳನ್ನೆಲ್ಲ ಬಿಟ್ಟು, ಆರಂಭದ ಒಂದು ಪದವನ್ನು ಮಾತ್ರ ನಕಲು ಮಾಡಿಕೊಂಡು ಬರುವುದಕ್ಕೆ ನಿಘಂಟಿನ ಬಳಕೆಯೆಂದು ಹೆಸರಿಡಬಹುದೆ?

ಪಟ್ಟಿಯ ಪಾಠದಿಂದ ಆಗುವ ಇನ್ನೊಂದು ಹಾನಿ ಮೇಲುನೋಟಕ್ಕೆ ಕಾಣುವಂಥದಲ್ಲ. ಅದು ಅಪರೂಪದ ಪದಗಳ ಹಿಂದೆ ಹೋಗಿ ನಿತ್ಯದ ಪದಗಳನ್ನು ಅನಾಥವಾಗಿ ಬಿಡುತ್ತದೆ. ಸಾಧಾರಣವಾದ ಇಂಗ್ಲಿಷ್ ಬರಹದಲ್ಲಿ ನೂರರಲ್ಲಿ ಸುಮಾರು ಎಂಬತ್ತು ಪದಗಳು ಅತ್ಯಂತ ಬಳಕೆಯ 2,000 ಪದಕುಟುಂಬಗಳಿಗೆ ಸೇರಿದವು ಎಂಬುದು ಭಾಷಾಶಿಕ್ಷಣವನ್ನು ಬಲ್ಲವರೆಲ್ಲರೂ ಒಪ್ಪುವ ವಿಷಯ. ಆ ಪದಗಳೇ ಬಲು ಗಹನವಾದವು. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದವಾದ ವಿವರಣೆ ಬಂದುದು ಮೂರು ಅಕ್ಷರದ ಸೆಟ್ ಎಂಬ ಪದಕ್ಕೆ. ಟೇಕ್ ಎಂದರೆ ತೆಗೆದುಕೊಳ್ಳುವುದು ಎಂದು ಐದನೆಯ ತರಗತಿಯಲ್ಲಿ ಬರೆದುಕೊಂಡ ಹುಡುಗನು ಆ ಪದವು ತನಗೆ ಗೊತ್ತೆಂದು ಭಾವಿಸಿ ಮುಂದೆ ಸಾಗುತ್ತಾನೆ. ವಿಮಾನವು ಮೇಲೇರುವುದೂ, ಮಗಳು ತಾಯಿಯನ್ನು ಹೋಲುವುದೂ, ಕೆಲಸವು ಎರಡು ದಿನ ಹಿಡಿಯುವುದೂ, ಅಂಗಿಯನ್ನು ಕಳಚುವುದೂ, ಮಾತನ್ನು ಹಿಂದೆಗೆದುಕೊಳ್ಳುವುದೂ ಅದೇ ಟೇಕ್ ಎಂಬ ಪದದ ಕೆಲಸಗಳೆಂದು ಅವನಿಗೆ ಯಾರೂ ತೋರಿಸುವುದಿಲ್ಲ. ಆ ಪದವನ್ನು ಚೆನ್ನಾಗಿ ಬಲ್ಲವನು ನೂರು ಮಾತುಗಳನ್ನಾಡಬಲ್ಲನು. ಅಪ್ರೊಪ್ರಿಯೇಟ್, ಪ್ರೊಕ್ಯೂರ್, ಅಕ್ವೈರ್ ಎಂಬ ಮೂರನ್ನು ಅದರ ಸಮಾನಾರ್ಥಕಗಳೆಂದು ಒಪ್ಪಿಸುವವನು ಬಸ್ಸಿನಲ್ಲಿ ಒಂದು ಸೀಟನ್ನು ಕೇಳಿ ಪಡೆಯಲಾರನು.

ಪದವು ಮನುಷ್ಯನಿಗೆ ಹೇಗೆ ಒಲಿಯುತ್ತದೆಯೆಂಬುದನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. ಈ ಸೀಮೆಯ ಯಾವುದೇ ಊರಿನ ಹಾಲಿನ ಡೇರಿಯ ಮುಂದೆ ಬೆಳಗಿನ ಹೊತ್ತು ನಿಂತುಕೊಂಡರೆ ಸಾಕು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ‘ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಯಾಕೆ ಬಿತ್ತು’ ಎಂದು ಕೇಳುತ್ತಾರೆ. ಅವರಲ್ಲಿ ಅನೇಕರು ಇಂಗ್ಲಿಷಿನ ಅಕ್ಷರವನ್ನು ಕಂಡವರಲ್ಲ. ಆದರೂ ಫ್ಯಾಟ್ ಎಂದರೆ ಹಾಲಿನ ಜಿಡ್ಡೆಂದೂ, ಎಸ್‌ಎನ್‌ಎಫ್ ಎಂದರೆ ಆ ಜಿಡ್ಡನ್ನು ಬಿಟ್ಟು ಉಳಿದ ಗಟ್ಟಿ ಅಂಶವೆಂದೂ, ಎರಡನೆಯದು 8.5ಕ್ಕಿಂತ ಇಳಿದರೆ ದರಕ್ಕೆ ಏಟು ಬೀಳುವುದೆಂದೂ, ಹಸುವಿಗೆ ಏನು ತಿನ್ನಿಸಿದರೆ ಯಾವುದು ಏರುವುದೆಂದೂ ಅವರು ಸಂದೇಹವಿಲ್ಲದೆ ಬಲ್ಲರು. ತೋಟದ ರೈತನಿಗೆ ತ್ರೀ ಫೇಸ್ ಕರೆಂಟಿಗೂ ಸಿಂಗಲ್ ಫೇಸಿಗೂ ಇರುವ ಭೇದ, ಸ್ಟಾರ್ಟರ್, ಫ್ಯೂಸ್, ಕೇಸಿಂಗ್, ಡ್ರಿಪ್ ಎಂಬ ಪದಗಳ ವ್ಯಾಪ್ತಿ ಅಂಗೈ ರೇಖೆಯಷ್ಟು ಪರಿಚಿತ. ಈ ಪದಗಳಲ್ಲಿ ಒಂದನ್ನಾದರೂ ಅವರು ಸಮಾನಾರ್ಥಕವನ್ನು ಹಿಡಿದು ಕಲಿಯಲಿಲ್ಲ. ಬೇಕಾದಾಗ ಬಂತು, ಕೆಲಸದಲ್ಲಿ ಬಂತು, ಹತ್ತು ಸಲ ಬಂತು; ತಪ್ಪು ತಿಳಿದರೆ ನಷ್ಟವಾಗುವ ಸ್ಥಳದಲ್ಲಿ ಬಂತು; ಆದುದರಿಂದ ನಿಂತಿತು.

ರೇಷ್ಮೆಯ ಮನೆಯಲ್ಲಿ ಬೆಳೆದ ಮಗುವಿನ ಕನ್ನಡವನ್ನು ಕೇಳಿದರೆ ಈ ತತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ. ಹುಳು ಎಷ್ಟನೆಯ ಜ್ವರದಲ್ಲಿದೆ, ಜ್ವರದಿಂದೆದ್ದ ಹುಳುವಿಗೆ ಎಂಥ ಸೊಪ್ಪು ಹಾಕಬೇಕು, ಹುಳು ಹಣ್ಣಾಯಿತೆಂದು ಯಾವ ಗುರುತಿನಿಂದ ತಿಳಿಯಬೇಕು, ಯಾವಾಗ ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಹತ್ತು ವರ್ಷದ ಬಾಲಕನು ತನ್ನ ತಾಯಿಯಷ್ಟೇ ನಿಶ್ಚಯವಾಗಿ ಹೇಳುತ್ತಾನೆ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು ಎಂಬ ನಾಲ್ಕು ಹೆಸರುಗಳನ್ನು ಅವನು ಬಲ್ಲನು. ಪದಪಟ್ಟಿಯವರ ಕ್ರಮದಂತೆ ಬರೆಯಬೇಕಾಗಿದ್ದರೆ ನಾಲ್ಕರ ಎದುರಿಗೂ ‘ಹುಳುವಿನ ರೋಗ’ ಎಂದು ಬರೆದು ಮುಗಿಸಬೇಕು. ಹಾಗೆ ಕಲಿತವನ ಮನೆಯಲ್ಲಿ ಒಂದು ಬೆಳೆಯೂ ಗೂಡಾಗಿ ರಾಮನಗರದ ಮಾರುಕಟ್ಟೆಯನ್ನು ಸೇರದು. ಹಾಲುತೊಂಡೆಯಲ್ಲಿ ಹುಳು ಊದಿಕೊಂಡು ಹಾಲಿನಂಥ ದ್ರವ ಸೋರುತ್ತದೆ, ಸುಣ್ಣಕಟ್ಟಿನಲ್ಲಿ ಸತ್ತ ಹುಳು ಬಿರುಸಾಗಿ ಬೆಳ್ಳಗಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಭೇದವೇ ಆ ಪದಗಳ ಬೆಲೆ. ಇಷ್ಟು ಸೂಕ್ಷ್ಮವಾಗಿ ಪದವನ್ನು ವಸ್ತುವಿನೊಡನೆ ಹೊಂದಿಸಬಲ್ಲ ಬುದ್ಧಿಯುಳ್ಳ ಮಗುವನ್ನು ಶಾಲೆಯೊಳಕ್ಕೆ ಕರೆತಂದು, ನಾಲ್ಕು ಪದಗಳಿಗೂ ಬಿಗ್ ಎಂದೇ ಅರ್ಥ, ಭೇದವನ್ನು ಕೇಳಬೇಡ ಎನ್ನುತ್ತೇವೆ. ಅದರ ಬುದ್ಧಿಗೆ ನಾವು ಮಾಡುತ್ತಿರುವ ಅವಮಾನ ಇದೆಂದು ನನಗೆ ತೋರುತ್ತದೆ.

ಹಾಗಾದರೆ ತರಗತಿಯಲ್ಲಿ ಮಾಡತಕ್ಕದ್ದೇನು ಎಂದು ಕೇಳುವವರಿಗೆ, ಅದನ್ನು ಮಾಡಿ ತೋರಿಸಿದ ಒಂದು ಪ್ರಯೋಗವು ಚನ್ನಪಟ್ಟಣದಿಂದ ಅರುವತ್ತು ಕಿಲೋಮೀಟರ್ ದೂರದಲ್ಲಿಯೇ ನಡೆದಿದೆಯೆಂಬುದನ್ನು ನೆನಪಿಸಬೇಕಾಗಿದೆ. 1963ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಆ ಪ್ರಯೋಗವನ್ನು ಲೋಕದ ಭಾಷಾಶಿಕ್ಷಕರೆಲ್ಲರೂ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರಿನಿಂದ ಬಲ್ಲರು. ನಮ್ಮ ಜಿಲ್ಲೆಯ ಎಷ್ಟು ಮಂದಿ ಉಪಾಧ್ಯಾಯರಿಗೆ ಅದರ ಪರಿಚಯವಿದೆಯೋ ತಿಳಿಯದು. ಮನಸ್ಸು ಅರ್ಥದಲ್ಲಿ ಮಗ್ನವಾಗಿರುವಾಗಲೇ ಭಾಷೆಯು ಹೆಚ್ಚು ಚೆನ್ನಾಗಿ ಒಳಗಿಳಿಯುತ್ತದೆಂಬುದು ಪ್ರಭು ಅವರ ಸಿದ್ಧಾಂತ. ಅವರು ಮಕ್ಕಳಿಗೆ ಪದಗಳ ಪಟ್ಟಿಯನ್ನಾಗಲಿ ವ್ಯಾಕರಣದ ಸೂತ್ರವನ್ನಾಗಲಿ ಕೊಡಲಿಲ್ಲ; ರೈಲಿನ ವೇಳಾಪಟ್ಟಿಯನ್ನು ಕೊಟ್ಟರು, ನಕ್ಷೆಯನ್ನು ಕೊಟ್ಟರು, ಬಿಡಿಸಬೇಕಾದ ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಮುಂದಿಟ್ಟರು. ಇಂಥ ಗಾಡಿಯಲ್ಲಿ ಹೊರಟವನು ಇಂಥ ಊರನ್ನು ಎಷ್ಟು ಹೊತ್ತಿಗೆ ಮುಟ್ಟುವನು, ಸಂಜೆಯೊಳಗೆ ಮರಳಬೇಕಾದರೆ ಯಾವ ಗಾಡಿಯನ್ನು ಹಿಡಿಯಬೇಕು ಎಂದು ಯೋಚಿಸುತ್ತ ಯೋಚಿಸುತ್ತ ಮಕ್ಕಳು ಬಿಫೋರ್, ಆಫ್ಟರ್, ಅಂಟಿಲ್, ಅರೈವ್, ಲೀವ್, ಮಿಸ್ ಎಂಬ ಪದಗಳನ್ನು ಅವುಗಳ ನಿಜವಾದ ಉದ್ಯೋಗದಲ್ಲಿ ಕಂಡರು. ಆ ಪ್ರಯೋಗದ ಮೇಲೆ ಆಕ್ಷೇಪಣೆಗಳು ಬಂದುವು. ಸಾಮಾನ್ಯ ಉಪಾಧ್ಯಾಯನು ಅಷ್ಟು ಇಂಗ್ಲಿಷನ್ನು ನಿರರ್ಗಳವಾಗಿ ಆಡಬಲ್ಲನೇ ಎಂಬುದು ಅವುಗಳಲ್ಲಿ ಪ್ರಬಲವಾದುದು, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಚನ್ನಪಟ್ಟಣವು ಬೆಂಗಳೂರು–ಮೈಸೂರು ರೈಲು ಮಾರ್ಗದ ಮೇಲಿರುವ ಊರು. ಇಲ್ಲಿಯ ಮಕ್ಕಳ ತಂದೆಯೋ ಅಕ್ಕನೋ ಪ್ರತಿದಿನವೂ ಆ ಗಾಡಿಯನ್ನೇರಿ ಕೆಲಸಕ್ಕೆ ಹೋಗುತ್ತಾರೆ. ಇವರ ಮುಂದೆ ಅದೇ ನಿಲ್ದಾಣದ ವೇಳಾಪಟ್ಟಿಯನ್ನು ಹರಡಿ ಅರ್ಧ ಗಂಟೆ ಪ್ರಶ್ನೆ ಕೇಳಲು ಮಹಾಪಾಂಡಿತ್ಯವೇನೂ ಬೇಕಾಗಿಲ್ಲ.

ನನ್ನ ವಾದಕ್ಕೆ ಬರಬಹುದಾದ ಅತಿ ಗಂಭೀರವಾದ ಆಕ್ಷೇಪಣೆಯನ್ನು ಈವರೆಗೆ ಹೇಳಿಲ್ಲ. ಅದು ಪಂಡಿತರದಲ್ಲ, ಬಡವರದು. ನಗರದ ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಮನೆಯಲ್ಲಿದೆ, ನೆರೆಯಲ್ಲಿದೆ, ಆಟದಲ್ಲಿದೆ. ಅವರು ಪಟ್ಟಿಯಿಲ್ಲದೆ ಕಲಿಯಬಲ್ಲರು. ವಿರೂಪಾಕ್ಷಿಪುರದ ಮಗುವಿಗೆ ಅದೊಂದೂ ಇಲ್ಲ. ಪಟ್ಟಿಯಾದರೂ ಇರಲಿ, ಅದನ್ನೂ ಏಕೆ ಕಿತ್ತುಕೊಳ್ಳುತ್ತೀರಿ ಎಂದು ಆ ಮಗುವಿನ ತಂದೆ ಕೇಳಿದರೆ ಅವನ ಮಾತಿನ ಹಿಂದಿರುವ ನೋವನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಬಾರದು. ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದುದು ಇಂಥ ತಂದೆತಾಯಿಗಳ ಆಸೆಗೆ ಓಗೊಟ್ಟೇ. ಆದರೆ ಅವನಿಗೆ ನಾನು ಹೇಳುವುದಿಷ್ಟು: ನಿನ್ನ ಮಗುವಿಗೆ ದೊರೆಯುವ ಕಾಲವು ಕಡಮೆಯಾಗಿರುವುದರಿಂದಲೇ ಆ ಕಾಲವನ್ನು ಪಟ್ಟಿಯಲ್ಲಿ ಪೋಲುಮಾಡತಕ್ಕದ್ದಲ್ಲ. ನಗರದ ಮಗುವು ಪಟ್ಟಿಯನ್ನು ಕಲಿತರೂ ಅದರ ದೋಷವನ್ನು ಸುತ್ತಲಿನ ಮಾತುಕತೆಯು ತಿದ್ದುತ್ತದೆ. ಎನಾರ್ಮಸ್ ಬ್ರದರ್ ಎಂದು ಅದು ಒಂದು ಸಲ ಹೇಳಿದರೆ ಮನೆಯಲ್ಲಿ ಯಾರಾದರೂ ತಿದ್ದುತ್ತಾರೆ. ನಿನ್ನ ಮಗುವಿಗೆ ಆ ತಿದ್ದುವಿಕೆಯಿಲ್ಲ. ಪಟ್ಟಿಯ ತಪ್ಪು ಅದರಲ್ಲಿ ತಪ್ಪಾಗಿಯೇ ಬೆಳೆದು, ಬೆಂಗಳೂರಿನ ಯಾವುದೋ ಕಚೇರಿಯ ಸಂದರ್ಶನದಲ್ಲಿ, ಯಾರೂ ಕರುಣೆ ತೋರದ ಸ್ಥಳದಲ್ಲಿ ಬೆಳಕಿಗೆ ಬರುತ್ತದೆ.

ಭಾರವಾದ ಪದಗಳೇ ಒಳ್ಳೆಯ ಇಂಗ್ಲಿಷ್ ಎಂಬ ಭ್ರಮೆಗೆ ನಮ್ಮ ನಾಡಿನ ಎರಡು ಹೆಸರುಗಳೇ ಉತ್ತರ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರು 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದಂದಿನಿಂದ ಕಡೆಯವರೆಗೂ ಸಣ್ಣ ಸಣ್ಣ ಪದಗಳಲ್ಲಿಯೇ ಬರೆದರು. ಲೋಕವು ಅವರನ್ನು ಓದಿತು. ಹಾಸನದಲ್ಲಿ ಜನಿಸಿದ ರಾಜಾರಾವ್ ಅವರು 1938ರ ‘ಕಾಂತಪುರ’ದಲ್ಲಿ ಒಬ್ಬ ಮುದುಕಿಯ ಬಾಯಿಂದ ಇಡೀ ಕಥೆಯನ್ನು ಹೇಳಿಸಿದಾಗ, ಅವರ ವಾಕ್ಯಗಳಿಗೆ ಬಲ ಬಂದುದು ಕನ್ನಡದ ಮಾತಿನ ಓಟದಿಂದ.

ಆದುದರಿಂದ ಉಪಾಧ್ಯಾಯರಲ್ಲಿ ನನ್ನ ಪ್ರಾರ್ಥನೆ ಬಹಳ ದೊಡ್ಡದಲ್ಲ. ಹತ್ತು ಪದಗಳ ಸ್ಥಳದಲ್ಲಿ ಎರಡನ್ನು ತೆಗೆದುಕೊಳ್ಳಲಿ. ಎರಡನ್ನೂ ಪಾಠದ ಕಥೆಯಿಂದಲೇ ತೆಗೆಯಲಿ. ಅರ್ಥವನ್ನು ಕನ್ನಡದಲ್ಲಿ ಹೇಳಲು ಸಂಕೋಚಪಡದಿರಲಿ, ಏಕೆಂದರೆ ತಿಳಿಯದ ಇಂಗ್ಲಿಷ್ ಪದಕ್ಕೆ ಅರೆತಿಳಿದ ಇಂಗ್ಲಿಷ್ ಪದವನ್ನು ಅರ್ಥವಾಗಿ ಕೊಡುವುದಕ್ಕಿಂತ ಚೆನ್ನಾಗಿ ತಿಳಿದ ಕನ್ನಡದ ವಾಕ್ಯವನ್ನು ಕೊಡುವುದು ಎಷ್ಟೋ ಮೇಲು. ಆ ಪದವು ಬರುವ ವಾಕ್ಯವನ್ನು ಮಗು ತನ್ನ ಮನೆಯ, ತನ್ನ ತೋಟದ, ತನ್ನ ಊರಿನ ಸಂಗತಿಯನ್ನು ಹೇಳುವಂತೆ ಬದಲಿಸಿ ಬರೆಯಲಿ. ಉಳಿದ ಕಾಲದಲ್ಲಿ ಸುಲಭವಾದ ಕಥೆಗಳನ್ನು ಓದಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಪುಸ್ತಕಗಳನ್ನು ಆರಿಸುವವರು ಸ್ಪರ್ಧಾ ಪರೀಕ್ಷೆಯ ಕೈಪಿಡಿಗಳ ಪಕ್ಕದಲ್ಲಿ ಮಿತವಾದ ಪದಗಳಲ್ಲಿ ಬರೆದ ಇಪ್ಪತ್ತು ಇಂಗ್ಲಿಷ್ ಕಥೆಪುಸ್ತಕಗಳನ್ನಾದರೂ ಇರಿಸಲಿ.

ಉಪಾಧ್ಯಾಯರನ್ನಷ್ಟೇ ಹೊಣೆಮಾಡಿ ನಿಲ್ಲುವುದು ಕೂಡ ನ್ಯಾಯವಲ್ಲ. ಸಮಾನಾರ್ಥಕವನ್ನು ಬರೆಯಿರಿ ಎಂಬ ಒಂದು ಅಂಕದ ಪ್ರಶ್ನೆ ಪರೀಕ್ಷೆಯಲ್ಲಿ ಬರಬಹುದೆಂಬ ಶಂಕೆಯಿರುವವರೆಗೆ ಯಾವ ಉಪಾಧ್ಯಾಯನೂ ಪಟ್ಟಿಯನ್ನು ಬಿಡಲಾರನು, ಬಿಟ್ಟರೆ ತಂದೆತಾಯಿಗಳು ಅವನನ್ನು ಬಿಡಲಾರರು. ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವ ಅಧಿಕಾರವುಳ್ಳವರು ಆ ಒಂದು ಪ್ರಶ್ನೆಯನ್ನು ತೆಗೆದು, ಓಲ್ಡ್ ಎಂಬ ಪದವನ್ನು ಸ್ನೇಹಿತನ ವಿಷಯದಲ್ಲಿ ಒಂದು ಸಲ, ಅಜ್ಜಿಯ ವಿಷಯದಲ್ಲಿ ಒಂದು ಸಲ, ಮುರಿದ ನೇಗಿಲಿನ ವಿಷಯದಲ್ಲಿ ಒಂದು ಸಲ ಬಳಸಿ ಮೂರು ವಾಕ್ಯಗಳನ್ನು ಬರೆಯಿರಿ ಎಂದು ಕೇಳಲಿ. ಹಾಗೆ ಕೇಳಿದ ಮರುವರ್ಷದಿಂದಲೇ ತರಗತಿಗಳಲ್ಲಿ ಪಾಠದ ರೀತಿ ಬೇರೆಯಾಗುತ್ತದೆ; ಅದಕ್ಕೆ ಹೊಸ ಕಟ್ಟಡವಾಗಲಿ, ಹೊಸ ಪಠ್ಯಪುಸ್ತಕವಾಗಲಿ, ಒಂದು ರೂಪಾಯಿಯ ಹೆಚ್ಚಿನ ಅನುದಾನವಾಗಲಿ ಬೇಕಾಗುವುದಿಲ್ಲ.